ಕ್ಯೂಬ್ ಡೂಪ್ಲಿಕೇಟ್ ಆದ್ರೆ, ಚೆಸ್ ಕಾಯಿ?

ಹೋದ ತಿಂಗಳು ಫುಟ್‌ಪಾತ್‌ನಲ್ಲಿ ಒಂದು ಬಣ್ಣದ ಕ್ಯೂಬ್ ತಗೊಂಡೆ. ಡಬ್ಬಿ ಮೇಲೆ ‘ಮ್ಯಾಜಿಕ್ ಕ್ಯೂಬ್’ ಅಂತ ಇತ್ತು. ಮನೆಗೆ ಬಂದ ಗೆಳೆಯ ನೋಡಿದವನೇ, ‘ಲೋ, ಇದು ಡೂಪ್ಲಿಕೇಟು ಕಣೋ’ ಅಂದ. ಪಕ್ಕದಲ್ಲೇ ನನ್ನ ಚೆಸ್ ಸೆಟ್ ಇತ್ತು. ಅದೂ ಫುಟ್‌ಪಾತ್‌ನದ್ದೇ. ಅದನ್ನು ಯಾಕೆ ಅವನು ಡೂಪ್ಲಿಕೇಟ್ ಅನ್ನಲಿಲ್ಲ? ಬಿ.ಕಾಂ.ನಲ್ಲಿ ಪೇಟೆಂಟು, ಟ್ರೇಡ್‌ಮಾರ್ಕು ಅಂತ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಮಾತ್ರ ಈ ಎರಡು ಆಟಗಳ ಇತಿಹಾಸ ಓದಿದಾಗ.

ಮೊದಲು ಬುಡಾಪೆಸ್ಟ್, 1974. ಎರ್ನೋ ರೂಬಿಕ್ ಅನ್ನೋ ಆರ್ಕಿಟೆಕ್ಟ್, ಅಲ್ಲಿನ ಅನ್ವಯಿಕ ಕಲೆಗಳ ಅಕಾಡೆಮಿಯಲ್ಲಿ ಮೇಷ್ಟ್ರು. ಆಟಿಕೆ ಮಾಡೋಕೆ ಹೊರಟವರಲ್ಲ. ತುಂಡುಗಳು ಜಾಗ ಬದಲಿಸಬೇಕು, ಆದರೆ ಇಡೀ ರಚನೆ ಬಿಚ್ಚಿಕೊಳ್ಳಬಾರದು. ಇದು ಅವರ ತಲೆ ಕೊರೆಯುತ್ತಿದ್ದ ಪ್ರಶ್ನೆ. ಮರದ ತುಂಡುಗಳನ್ನು ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟಿ ನೋಡಿದರು, ಕಿತ್ತುಹೋಯ್ತು. ಕೊನೆಗೆ ತುಂಡುಗಳೇ ಒಂದನ್ನೊಂದು ಹಿಡಿದುಕೊಳ್ಳುವ ಹಾಗೆ ರೂಪಿಸಿದರು. ಬಣ್ಣ ಹಚ್ಚಿ ತಿರುಗಿಸಿದ ಮೇಲೆ ಗೊತ್ತಾಯ್ತು, ವಾಪಸ್ ಜೋಡಿಸೋದು ಅವರಿಗೇ ಬರಲ್ಲ! ಕಲಿಯೋಕೆ ತಿಂಗಳೇ ಹಿಡೀತು.

1975ರಲ್ಲಿ ಹಂಗೇರಿಯಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಬೇರೆ ದೇಶಗಳಲ್ಲಿ ಹಾಕುವ ಗಡುವು ಮೀರಿಹೋಯ್ತು. ಹಾಗಾಗಿ 1980ರಲ್ಲಿ ಅಮೆರಿಕದ ಐಡಿಯಲ್ ಟಾಯ್ ಕಂಪನಿ ಇದನ್ನು ಜಗತ್ತಿಗೆ ಮಾರಲು ಹೊರಟಾಗ, ಟ್ರೇಡ್‌ಮಾರ್ಕ್ ಮಾಡಿಸಬಹುದಾದ ಹೆಸರಾದರೂ ಬೇಕಿತ್ತು. ಹಾಗೆ ಬಂದದ್ದು ‘ರೂಬಿಕ್ಸ್ ಕ್ಯೂಬ್’.

ಚೆಸ್ ಕಾಯಿಗಳ ವಿಷಯದಲ್ಲಿ ಇಂಥದ್ದೇ ಕಥೆ 125 ವರ್ಷ ಮೊದಲು ಲಂಡನ್‌ನಲ್ಲಿ ನಡೆದಿತ್ತು. ಆಗಿನ ಎಷ್ಟೋ ಸೆಟ್‌ಗಳಲ್ಲಿ ರಾಜ, ಮಂತ್ರಿ, ಒಂಟೆ ಎಲ್ಲವೂ ಒಂದೇ ಥರದ ಸಣಕಲು ಕಂಬಗಳು. ಗುರುತು ಸಿಗೋದು ಕಷ್ಟ, ಕೈ ತಾಗಿದರೆ ಬೀಳೋದು ಸುಲಭ. 1849ರ ಮಾರ್ಚ್ 1ರಂದು ನಥೇನಿಯಲ್ ಕುಕ್ ಒಂದು ಹೊಸ ವಿನ್ಯಾಸ ನೋಂದಾಯಿಸಿದರು. ಅಗಲ ತಳ, ನೋಡಿದ ತಕ್ಷಣ ತಿಳಿಯುವ ತಲೆ. ಆನೆಗೆ ಕೋಟೆ ಬುರುಜು, ಕುದುರೆಗೆ ಕುದುರೆಯದೇ ಮುಖ. ಜಾಕ್ಸ್ ಕಂಪನಿ ಮಾರಿತು. ಡಬ್ಬಿ ಮೇಲೆ ಹೆಸರು ಮಾತ್ರ ಆಗಿನ ದೊಡ್ಡ ಆಟಗಾರ ಹೋವರ್ಡ್ ಸ್ಟಾಂಟನ್ ಅವರದ್ದು! ವಿನ್ಯಾಸ ನಿಜಕ್ಕೂ ಯಾರ ತಲೆಯಿಂದ ಬಂತು ಅಂತ ಇವತ್ತಿಗೂ ವಾದ ನಡೀತಾನೇ ಇದೆ.

ಆ ನೋಂದಣಿಯ ರಕ್ಷಣೆ ಇದ್ದದ್ದು ಬರೀ ಮೂರು ವರ್ಷ. ಆಮೇಲೆ ಯಾರು ಬೇಕಾದರೂ ಕೆತ್ತಬಹುದು. ಇವತ್ತು ಫಿಡೆ ಟೂರ್ನಮೆಂಟ್‌ಗಳಲ್ಲಿರೋದು ಸ್ಟಾಂಟನ್ ಮಾದರಿಯೇ. ಅಮೃತಸರದ ಕುಶಲಕರ್ಮಿಗಳು ಆ ಕುದುರೆ ಮುಖವನ್ನು ಕೈಯಲ್ಲೇ ಕೆತ್ತಿ ವಿದೇಶಕ್ಕೆ ಕಳಿಸ್ತಾರೆ. ಆಕಾರ ಬೇಗ ಎಲ್ಲರದ್ದಾಯಿತು, ಅದಕ್ಕೇ ಅದು ಜಗತ್ತಿನ ಚೆಸ್ ಕಾಯಿ ಆಗೋಕೆ ಸಾಧ್ಯವಾಯ್ತು.

ಕ್ಯೂಬ್‌ನ ಆಕಾರಕ್ಕೆ ಮಾತ್ರ 1999ರಲ್ಲಿ ಯುರೋಪಿಯನ್ ಯೂನಿಯನ್‌ನಲ್ಲಿ ಟ್ರೇಡ್‌ಮಾರ್ಕ್ ಸಿಕ್ಕಿತ್ತು. ಪೇಟೆಂಟ್‌ಗೆ ಅವಧಿ ಇದೆ. ಟ್ರೇಡ್‌ಮಾರ್ಕ್ ಹಾಗಲ್ಲ, ನವೀಕರಿಸ್ತಾ ಹೋದರೆ ಕೊನೆಯೇ ಇಲ್ಲ. ಜರ್ಮನಿಯ ಸಿಂಬಾ ಟಾಯ್ಸ್ 2006ರಲ್ಲಿ ಇದನ್ನು ಪ್ರಶ್ನಿಸಿತು. 2016ರಲ್ಲಿ ಯೂನಿಯನ್‌ನ ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ಈ ಆಕಾರವನ್ನು ಅಳೆಯುವಾಗ ತಿರುಗುವ ಗುಣವನ್ನೂ ನೋಡಬೇಕು. ತಾಂತ್ರಿಕ ಕೆಲಸಕ್ಕೆ ಬೇಕಾದ ಆಕಾರವನ್ನು ಟ್ರೇಡ್‌ಮಾರ್ಕ್ ಹೆಸರಲ್ಲಿ ಶಾಶ್ವತವಾಗಿ ಕಟ್ಟಿಹಾಕುವಂತಿಲ್ಲ. ಆ ನೋಂದಣಿ ಬಿದ್ದುಹೋಯ್ತು. ಆದರೂ 2020ರಲ್ಲಿ ಕೆನಡಾದ ಸ್ಪಿನ್ ಮಾಸ್ಟರ್ ಕಂಪನಿ ಆ ಬ್ರ್ಯಾಂಡ್‌ಗೆ 5 ಕೋಟಿ ಡಾಲರ್ ಕೊಡೋಕೆ ಒಪ್ಪಿತು. ಅಂದರೆ, ಹೆಸರಿಗಿರೋ ಬೆಲೆ ನೋಡಿ!

ಇಲ್ಲಿ ನನಗೊಂದು ಸಂಕಟವೂ ಇದೆ. ಯಾರದ್ದೋ ತಿಂಗಳುಗಟ್ಟಲೆ ತಲೆನೋವನ್ನು ಎಲ್ಲರೂ ಪುಕ್ಕಟೆ ಬಳಸಿದರೆ ಹೊಸದನ್ನು ಮಾಡೋರು ಯಾರು? ಅದಕ್ಕೇ ಕೆಲವು ವರ್ಷ ರಕ್ಷಣೆ ಬೇಕು. ಆಮೇಲೆ ಬಿಟ್ಟುಕೊಡಬೇಕು. ಆದರೆ ಮಾಡಿದವರ ಹೆಸರನ್ನು ಮರೆಯಬಾರದು. ರೂಬಿಕ್ ಅವರಿಗೆ ಆ ಅದೃಷ್ಟ ಇತ್ತು, ಚೆಸ್ ಕಾಯಿ ರೂಪಿಸಿದವರಿಗೆ ಇರಲಿಲ್ಲ.

ಗೆಳೆಯನಿಗೆ ಇಷ್ಟೇ ಹೇಳಿದೆ: ಡಬ್ಬಿ ಮೇಲೆ ರೂಬಿಕ್ ಅಂತ ಸುಳ್ಳು ಬರೆದಿದ್ದರೆ ಅದು ಮೋಸ. ಆದರೆ ಇದರ ಮೇಲಿರೋದು ‘ಮ್ಯಾಜಿಕ್ ಕ್ಯೂಬ್’. 1977ರಲ್ಲಿ ಬುಡಾಪೆಸ್ಟ್‌ನ ಅಂಗಡಿಗಳಿಗೆ ಮೊದಲ ಸಲ ಬಂದಾಗ ಇದಕ್ಕಿದ್ದ ಹಂಗೇರಿಯನ್ ಹೆಸರಿನ ಅರ್ಥವೂ ಅದೇ.