ತುಮಕೂರು ಸೀಮೆಯ ಆಡುಮಾತು ಮತ್ತು ಭಾಷಾಯಂತ್ರಗಳು: ಒಂದು ಚಾರಿತ್ರಿಕ ವಿವೇಚನೆ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಜಲಾಶಯವು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ನೀರು ನಿಯತ ಮಟ್ಟವನ್ನು ಮುಟ್ಟಿದೊಡನೆ ತಾವಾಗಿಯೇ ಹರಿಯತೊಡಗುವ ಸೈಫನ್ನುಗಳಿಂದ ಅದು ಹೆಸರಾಗಿದೆ. ಆದರೆ ನೀರಾವರಿಯ ಗುಣವನ್ನು ರೈತರು ಅಳೆಯುವುದು ಕಟ್ಟೆಯ ಬಳಿಯಲ್ಲಲ್ಲ, ನಾಲೆಯ ಕೊನೆಯ ಗದ್ದೆಯಲ್ಲಿ. ಭಾಷೆಗಾಗಿ ನಿರ್ಮಿತವಾಗುವ ಯಂತ್ರಗಳಿಗೂ ಇದೇ ಅಳತೆ ಸಲ್ಲತಕ್ಕದ್ದೆಂಬುದು ನಮ್ಮ ಮತ. ಈ ಸೀಮೆಯ ಒಕ್ಕಲಿನ ಮಾತು ದಾಖಲೆಗಳೊಳಕ್ಕೆ ಯಾವಾಗ, ಯಾವ ದಾರಿಯಿಂದ ಬಂದಿತೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಕುಣಿಗಲ್, ಗುಬ್ಬಿ ಮೊದಲಾದ ತಾಲ್ಲೂಕುಗಳ ಕಲ್ಬರಹಗಳೆಲ್ಲ ಅದರಲ್ಲಿ ಸ್ಥಾನ ಪಡೆದವು. ಅದೇ ಕಾಲದಲ್ಲಿ ಜಾರ್ಜ್ ಗ್ರಿಯರ್ಸನ್ನರ ನೇತೃತ್ವದಲ್ಲಿ ಭಾರತದ ಭಾಷಾ ಸರ್ವೇಕ್ಷಣವು ನಡೆಯುತ್ತಿದ್ದಿತು. 1894ರಿಂದ 1928ರವರೆಗೆ ಸಾಗಿದ ಆ ಮಹಾಕಾರ್ಯದ ವ್ಯಾಪ್ತಿಯಿಂದ ಮದರಾಸು ಪ್ರಾಂತ್ಯವೂ ಮೈಸೂರು, ಹೈದರಾಬಾದ್ ಸಂಸ್ಥಾನಗಳೂ ಹೊರಗುಳಿದವು. 1906ರ ನಾಲ್ಕನೆಯ ಸಂಪುಟದಲ್ಲಿ ಕನ್ನಡದ ವಿವರಣೆ ಇದ್ದರೂ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಾತಿನ ಮಾದರಿಗಳನ್ನು ಸಂಗ್ರಹಿಸಲಿಲ್ಲ. ಹೀಗಾಗಿ ಕುಣಿಗಲ್ಲಿನ ಕಲ್ಲು ದಾಖಲಾಯಿತು. ಆ ಕಲ್ಲಿನ ಪಕ್ಕದ ಹೊಲದಲ್ಲಿ ಉಳುತ್ತಿದ್ದವನ ಮಾತು ದಾಖಲಾಗಲಿಲ್ಲ. ಯಾವುದನ್ನು ಸಂಗ್ರಹಿಸಬೇಕೆಂಬ ನಿರ್ಧಾರವೇ ಮುಂದೆ ಯಾವುದು ಉಳಿಯುವುದೆಂಬುದನ್ನು ನಿಶ್ಚಯಿಸುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದವರು ಭಾಷಾವಿಜ್ಞಾನಿಗಳು. ವಿಲಿಯಂ ಬ್ರೈಟ್ ಅವರು ಆಡುಗನ್ನಡವನ್ನು ಕುರಿತು ಬರೆದ ಗ್ರಂಥವು 1958ರಲ್ಲಿ ಹೊರಬಂದಿತು. ಮುಂದಿನ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ನಂಜನಗೂಡು, ಗುಲಬರ್ಗ ಮುಂತಾದ ಕಡೆಗಳ ಉಪಭಾಷೆಗಳ ಅಧ್ಯಯನಗಳನ್ನು ಪ್ರಕಟಿಸಿತು. ಆದರೆ ಇವು ವಿದ್ವಾಂಸರ ಕೈಯಲ್ಲಿಯೇ ಉಳಿದವು, ಯಂತ್ರಗಳಿಗೆ ಆಧಾರವಾಗಲಿಲ್ಲ.

ಯಂತ್ರವು ಮೊದಲು ಒಪ್ಪಿಕೊಂಡದ್ದು ಲಿಪಿಯನ್ನು. 1991ರ ಯುನಿಕೋಡ್ ಸಂಹಿತೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಎಡೆ ದೊರೆಯಿತು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ಗಣಕಯಂತ್ರದಲ್ಲಿ ಕನ್ನಡ ಬರೆಯುವುದು ಸುಲಭವಾಯಿತು. ಈ ಉಪಕಾರವು ಸಣ್ಣದಲ್ಲ. ಆದರೂ ಅದು ಅಕ್ಷರಸ್ಥರಿಗೆ ಸಂದ ಉಪಕಾರ. ಬರೆಯಲಾರದವನೂ, ಬರೆಯಬಲ್ಲವನಾಗಿದ್ದು ಬರವಣಿಗೆಯ ಕನ್ನಡದಲ್ಲಿ ವ್ಯವಹರಿಸದವನೂ ನಾಲೆಯ ಕೊನೆಯ ಗದ್ದೆಯವನಂತೆ ಕಾಯಬೇಕಾಯಿತು.

ಈ ದೃಷ್ಟಿಯಿಂದ ತುಮಕೂರಿನಲ್ಲಿಯೇ ನಡೆದ ಒಂದು ಪ್ರಯತ್ನವು ವಿಶೇಷವಾಗಿ ಗಮನಾರ್ಹವಾದುದು. ಅಲ್ಲಿಯ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದ ಜಿ. ತಿಮ್ಮರಾಜ ಯಾದವ, ಎಚ್. ಎಸ್. ಜಯಣ್ಣ ಇವರು ಕೃಷಿ ಪದಾರ್ಥಗಳ ಧಾರಣೆಯನ್ನೂ ಹವಾಮಾನವನ್ನೂ ಮೊಬೈಲಿನಲ್ಲಿ ಕನ್ನಡದಲ್ಲಿಯೇ ಕೇಳಿ ತಿಳಿಯುವ ವ್ಯವಸ್ಥೆಯೊಂದನ್ನು ರಚಿಸಿ, 2017ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಕರೆಮಾಡಿದವನ ಮಾತನ್ನು ಯಂತ್ರವು ಗುರುತಿಸಿ, ‘ಅಗ್ಮಾರ್ಕ್‌ನೆಟ್’ ದಾಖಲೆಯಿಂದ ಧಾರಣೆಯನ್ನು ಪಡೆದು, ಧ್ವನಿಯಲ್ಲಿ ಉತ್ತರಿಸುತ್ತದೆ. ಇದಕ್ಕೆ ಬೇಕಾದ ಮಾತಿನ ಸಾಮಗ್ರಿಯನ್ನು ಅವರು ಪುಸ್ತಕಗಳಿಂದ ತರಲಿಲ್ಲ; ಕರ್ನಾಟಕದ ಬೇರೆಬೇರೆ ಉಪಭಾಷಾ ಪ್ರದೇಶಗಳ ರೈತರಿಂದ, ಸುತ್ತಲಿನ ಗದ್ದಲದ ಸಹಿತವಾಗಿಯೇ ಸಂಗ್ರಹಿಸಿದರು.

ಇದರ ಅವಶ್ಯಕತೆಯು ಕೆಲವು ಮಾತುಗಳಿಂದಲೇ ವಿದಿತವಾಗುತ್ತದೆ. ತುಮಕೂರು ಸೀಮೆಯವನು ಕಡಲೇಕಾಯಿ ಎನ್ನುವುದನ್ನು ಧಾರವಾಡದವನು ಶೇಂಗಾ ಎನ್ನುತ್ತಾನೆ, ಕರಾವಳಿಯವನು ನೆಲಗಡಲೆ ಎನ್ನುತ್ತಾನೆ. ಈರುಳ್ಳಿ, ಉಳ್ಳಾಗಡ್ಡಿ, ನೀರುಳ್ಳಿ ಇವು ಮೂರೂ ಒಂದೇ. ಇದರ ಮೇಲೆ ದಕ್ಷಿಣದ ಜಿಲ್ಲೆಗಳಲ್ಲಿ ಹಕಾರವು ಲೋಪವಾಗಿ ‘ಹಾಸನ’ವು ‘ಆಸನ’ವಾಗುವುದುಂಟು. ಗ್ರಂಥಸ್ಥ ಭಾಷೆಯನ್ನು ಮಾತ್ರ ಕಲಿತ ಯಂತ್ರಕ್ಕೆ ಇಂಥವನು ಕೇಳಿದ ಧಾರಣೆ ತಿಳಿಯದು. ಆಗ ಆತನು ಮಧ್ಯವರ್ತಿ ಹೇಳಿದ ಬೆಲೆಗೇ ಮಾಲನ್ನು ಮಾರಬೇಕಾಗುತ್ತದೆ. ಉಚ್ಚಾರದ ಭೇದವು ಹೀಗೆ ಹಣದ ನಷ್ಟವಾಗಿ ಪರಿಣಮಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆಯು ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಮಾತನ್ನು ಉಪಭಾಷೆಗಳ ಸಮೇತ ಸಂಗ್ರಹಿಸಲು ಕೈಗೊಂಡಿತು. ಕೇಂದ್ರ ಸರ್ಕಾರದ ‘ಭಾಷಿಣಿ’ಯು 2022ರಲ್ಲಿ ಆರಂಭವಾಯಿತು. ಆಫ್ರಿಕದಲ್ಲಿ 2019ರಲ್ಲಿ ಹುಟ್ಟಿದ ‘ಮಸಖಾನೆ’ ಎಂಬ ಸಂಶೋಧಕರ ಕೂಟದ ಹೆಸರಿಗೆ ಜುಲು ಭಾಷೆಯಲ್ಲಿ ‘ನಾವು ಕೂಡಿ ಕಟ್ಟುತ್ತೇವೆ’ ಎಂದರ್ಥ. ಭಾಷೆಯನ್ನಾಡುವವರು ಸಾಮಗ್ರಿಯನ್ನು ಒದಗಿಸುವವರು ಮಾತ್ರವಲ್ಲ, ಸಂಶೋಧನೆಯಲ್ಲಿ ಪಾಲುಗಾರರು ಎಂಬ ಅವರ ತತ್ತ್ವವು ನಮಗೂ ಅನುಕರಣೀಯ.

ಆದರೆ ಕನ್ನಡಿಗರಾದ ನಾವು ಇನ್ನೊಂದು ಕಡೆಗೂ ದೃಷ್ಟಿ ಹರಿಸಬೇಕು. 2011ರ ಜನಗಣತಿಯಂತೆ ಕನ್ನಡಿಗರು ಸುಮಾರು 4.37 ಕೋಟಿ, ತುಳುವರು ಸುಮಾರು 18.46 ಲಕ್ಷ. ತುಳುವಿನ ಹಳೆಯ ಲಿಪಿಗೆ ಯುನಿಕೋಡಿನಲ್ಲಿ ಸ್ಥಾನ ದೊರೆತದ್ದು 2024ರಲ್ಲಿ. ಕೊಡವ, ಕೊರಗ, ಲಂಬಾಣಿ ನುಡಿಗಳ ಸ್ಥಿತಿ ಇನ್ನೂ ಹಿಂದೆ. ಇಂಗ್ಲಿಷಿನೆದುರು ನಾವು ನಾಲೆಯ ಕೊನೆಯವರಾದರೆ, ಈ ಭಾಷೆಗಳೆದುರು ಕಟ್ಟೆಯ ಬಳಿಯವರು. ಮೇಲಿನವರಿಂದ ನಾವು ಕೇಳುವ ನ್ಯಾಯವನ್ನು ಕೆಳಗಿನವರಿಗೆ ನಾವೇ ಸಲ್ಲಿಸತಕ್ಕದ್ದು.

ಗ್ರಿಯರ್ಸನ್ನರ ಕಾಲದಲ್ಲಿ ಬಿಟ್ಟುಹೋದುದನ್ನು ಇಂದು ಹಿಂದಿರುಗಿ ಪಡೆಯುವಂತಿಲ್ಲ. ಆ ತಲೆಮಾರಿನ ಧ್ವನಿಯು ಅವರೊಡನೆಯೇ ಅಳಿಯಿತು. ಈಗ ಜೀವಿಸಿರುವ ವೃದ್ಧರ ಮಾತಿಗೂ ಅದೇ ಗತಿಯಾಗಬೇಕಾಗಿಲ್ಲ. ನಮ್ಮ ಕಾಲೇಜುಗಳ ಕನ್ನಡ ಹಾಗೂ ಚರಿತ್ರೆಯ ವಿಭಾಗಗಳು ತಂತಮ್ಮ ತಾಲ್ಲೂಕಿನ ಬೇಸಾಯ, ನೀರು, ಸಂತೆಗಳ ಮಾತನ್ನು, ಆಡಿದವರ ಒಪ್ಪಿಗೆ ಪಡೆದು, ಧ್ವನಿಮುದ್ರಿಸಿ ಸಾರ್ವಜನಿಕರಿಗೆ ದೊರೆಯುವಂತೆ ಇಡಬಹುದು. ಊರು, ವಯಸ್ಸು, ಕಸುಬುಗಳನ್ನು ನಮೂದಿಸಿದ ಇಂಥ ಸಂಗ್ರಹವು ಯಂತ್ರವನ್ನು ಕಟ್ಟುವವನಿಗೂ, ಮುಂದೆ ಈ ಕಾಲದ ಚರಿತ್ರೆಯನ್ನು ಬರೆಯುವವನಿಗೂ ಸಮಾನವಾಗಿ ಒದಗುವುದು. ಇದಕ್ಕೆ ಹೆಚ್ಚಿನ ಧನ ಬೇಕಿಲ್ಲ. ವಿದ್ಯಾರ್ಥಿಗಳ ಕೈಯಲ್ಲಿರುವ ಮೊಬೈಲೇ ಸಾಕು. ಬೇಕಾದದ್ದು ಕಲ್ಬರಹಕ್ಕೆ ಸಲ್ಲಿಸುವಷ್ಟೇ ಗೌರವವನ್ನು ಆಡುಮಾತಿಗೂ ಸಲ್ಲಿಸುವ ಮನೋಧರ್ಮ.