ಗಡಿಯಾಚೆಯ ಹುಡುಗರು

ಮುಸುಕು ತೊಟ್ಟು ದುಷ್ಟರನ್ನು ಬಡಿಯುವ ವೀರನ ಚಿತ್ರಕಥೆಯನ್ನು ಮಕ್ಕಳು ಓದುವಾಗ ನನಗೆ ಅಳವಂಡಿ ಶಿವಮೂರ್ತಿಸ್ವಾಮಿಯವರ ನೆನಪಾಗುತ್ತದೆ. ಅವರ ಬಳಿ ಮಂತ್ರವಿರಲಿಲ್ಲ, ಮಾಯೆಯಿರಲಿಲ್ಲ.

1947ರಲ್ಲಿ ದೇಶ ಸ್ವತಂತ್ರವಾದರೂ ರಾಯಚೂರು, ದೇವದುರ್ಗ, ಮಾನ್ವಿಗಳು ನಿಜಾಮನ ಕೈಯಲ್ಲೇ ಉಳಿದವು. ರಜಾಕಾರರ ಕಾಟಕ್ಕೆ ಅಂಜಿದ ಮಾನ್ವಿ ಸೀಮೆಯವರಿಗೆ ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ. ದೇವದುರ್ಗದವರಿಗೆ ಆ ದಾರಿಯೂ ಇಲ್ಲ. ಕೃಷ್ಣೆ ದಾಟಿದರೂ ಸುರಪುರ ಅವನದೇ! ಶಿವಮೂರ್ತಿಸ್ವಾಮಿಯವರು ಮುಂಬಯಿ ಪ್ರಾಂತದ ಮುಂಡರಗಿಯಲ್ಲಿ ಶಿಬಿರ ಹೂಡಿ, ಹರೆಯದ ಹುಡುಗರನ್ನು ಕೂಡಿಸಿ, ಬಂದೂಕು ಕೊಟ್ಟು ಗಡಿಯೊಳಗೆ ಕಳಿಸಿದರು. ಆ ಹುಡುಗರಿಗೂ ತಾಯಂದಿರಿದ್ದರಲ್ಲವೇ? ಅವರು ರಾತ್ರಿಗಳನ್ನು ಹೇಗೆ ಕಳೆದರೆಂದು ನಾನೋದಿದ ಪುಸ್ತಕಗಳು ಹೇಳುವುದಿಲ್ಲ. ಬಂದೂಕಿನ ಲೆಕ್ಕ ಇದೆ, ರೊಟ್ಟಿಯ ಲೆಕ್ಕ ಇಲ್ಲ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನುಗ್ಗಿತು. 17ಕ್ಕೆ ನಿಜಾಮ ಶರಣಾದ. ಶಿವಮೂರ್ತಿಸ್ವಾಮಿಯವರು 1952ರಲ್ಲಿ ಕುಷ್ಟಗಿಯಿಂದ ಲೋಕಸಭೆಗೆ ಆರಿಸಿಬಂದರು.

ಮಕ್ಕಳಿಗೆ ಕಥೆಯನ್ನು ಇಲ್ಲಿಗೇ ನಿಲ್ಲಿಸಲು ನನಗೆ ಮನಸ್ಸಾಗುವುದಿಲ್ಲ. ಗೆದ್ದ ಮೇಲಿನ ಸೇಡು ನಿರಪರಾಧಿ ಮುಸಲ್ಮಾನರ ಮೇಲೆ ತಿರುಗಿತು. ಸಂಸ್ಥಾನದಲ್ಲೆಲ್ಲ ಸೇರಿ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತರೆಂದು ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಆ ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ.