ಮರಳಿನ ಮೇಲಣ ಅಂಕಗಳು

ನಮ್ಮ ನಾಡಿನ ಎಳೆಯ ಮಕ್ಕಳು ಹಿಂದೆ ಲೆಕ್ಕವನ್ನು ಕಲಿತ ಬಗೆಯನ್ನು ತಿಳಿಯಲೆಳಸುವವರು, ೧೮೨೩ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲನು ಮದರಾಸಿನ ಮೇಲಧಿಕಾರಿಗಳಿಗೆ ಬರೆದ ವರದಿಯನ್ನು ಅವಶ್ಯವಾಗಿ ನೋಡಬೇಕು. ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದುವೆಂದೂ, ಜನರ ದಾರಿದ್ರ್ಯದಿಂದ ವಿದ್ಯೆಯು ಕ್ಷೀಣಿಸುತ್ತಿದ್ದಿತೆಂದೂ ಹೇಳುವ ಆತನು, ಮಗುವು ಮೊದಲು ನೆಲದ ಮರಳಿನ ಮೇಲೆ ಬೆರಳಿನಿಂದ ಬರೆದು, ಬಳಿಕ ಹಲಗೆಗೋ ಕಡತಕ್ಕೋ ಏರುತ್ತಿದ್ದ ಕ್ರಮವನ್ನು ಬಹು ಶ್ರದ್ಧೆಯಿಂದ ವರ್ಣಿಸಿದ್ದಾನೆ. ಬಟ್ಟೆಯನ್ನು ಗಂಜಿಯಲ್ಲಿ ಬಿರುಸುಗೊಳಿಸಿ, ಪುಸ್ತಕದಂತೆ ಮಡಿಸಿ, ಇದ್ದಿಲು ಅಂಟುಗಳ ಲೇಪವನ್ನು ಬಳಿದರೆ ಕಡತವು ಸಿದ್ಧವಾಗುತ್ತಿದ್ದಿತು. ಬಳಪದಿಂದ ಬರೆದುದನ್ನು ಒದ್ದೆಯ ಅರಿವೆಯಿಂದ ಒರಸಿ ಮತ್ತೆ ಬರೆಯಬಹುದಾಗಿತ್ತು. ಮುಂದುವರಿದ ಹುಡುಗರೇ ಕಿರಿಯರಿಗೆ ಹೇಳಿಕೊಡುತ್ತಿದ್ದ ಈ ಪದ್ಧತಿಯು ಇಂಗ್ಲೆಂಡಿನಲ್ಲಿ ಅನುಕರಿಸಲ್ಪಟ್ಟುದು ಯೋಗ್ಯವೇ ಎಂದು ಆತನು ಒಪ್ಪಿಕೊಂಡನು.

ಮಗ್ಗಿಯನ್ನು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದ ಆ ಶಾಲೆಗಳನ್ನು ಬರಿಯ ಉರುಹೊಡೆಯುವ ಗೂಡುಗಳೆಂದು ತೆಗಳುವುದು ನ್ಯಾಯವಲ್ಲ. ಏಕ, ದಶ, ಶತ, ಸಹಸ್ರವೆಂದು ಬಲದಿಂದ ಎಡಕ್ಕೆ ಸ್ಥಾನಗಳನ್ನು ಎಣಿಸುವ ರೂಢಿಯು ಶತಮಾನಗಳಷ್ಟು ಹಳೆಯದು. ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತುನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದನು. ಹೆಸರುಗಳನ್ನು ನಾಲಗೆಯು ಬಲ್ಲುದಾದ ಮೇಲೆ ಕೈಗೆ ದಾರಿಯು ಸುಗಮವೇ ಸರಿ.

ಆದರೂ ನಾಲಗೆ ಬಲ್ಲುದೆಲ್ಲವನ್ನೂ ಕಣ್ಣು ಬಲ್ಲುದೆಂದು ಹೇಳುವಂತಿಲ್ಲ. 'ನೂರಾ ಐದು' ಎಂದೊಡನೆ ಒಂದು ನೂರನ್ನು ಪೂರ್ತಿಯಾಗಿ ಬರೆದು, ಅದರ ಬಲಕ್ಕೆ ಐದನ್ನು ಸೇರಿಸಿ ೧೦೦೫ ಎಂದು ತೋರಿಸುವ ಮಗುವನ್ನು ಎರಡನೆಯ ತರಗತಿಯ ಉಪಾಧ್ಯಾಯರಾರು ಕಂಡಿಲ್ಲ? ಕಿವಿಗೆ ಕೇಳಿದುದನ್ನು ಕೇಳಿದಂತೆಯೇ ಬರೆದ ಆ ಮಗುವಿನಲ್ಲಿ ದಡ್ಡತನವಿಲ್ಲ, ಸೊನ್ನೆಯ ಕೆಲಸದ ಪರಿಚಯವಷ್ಟೇ ಇಲ್ಲ. ೧೯೮, ೨೦೧ ಇವುಗಳಲ್ಲಿ ಹಿರಿದಾವುದೆಂದು ಕೇಳಿದರೂ ಒಂಬತ್ತು ಎಂಟುಗಳ ಗಾತ್ರಕ್ಕೆ ಮರುಳಾಗಿ ಮೊದಲನೆಯದನ್ನೇ ತೋರಿಸುವುದುಂಟು. ಎಣಿಸುವುದು ಬಲದಿಂದಾದರೂ ಹೋಲಿಸುವುದು ಎಡದ ನೂರರ ಮನೆಯಿಂದ ತೊಡಗಬೇಕೆಂಬುದನ್ನು ಬಾಯಿಪಾಠವು ತಾನಾಗಿ ಕಲಿಸಲಾರದು.

ಈ ಕೊರತೆಯನ್ನು ತುಂಬಿದುದು ಈಚಿನ ಶಾಲೆಗಳ ಕಡ್ಡಿಯ ಕಟ್ಟು. ಹತ್ತು ಬಿಡಿ ಕಡ್ಡಿಗಳನ್ನು ದಾರದಿಂದ ಬಿಗಿದರೆ ಒಂದು ಹತ್ತು. ಅಂತಹ ಹತ್ತು ಕಟ್ಟುಗಳ ಹೊರೆಯೊಂದು ನೂರು. ನೂರಾ ಐದನ್ನು ಹೀಗೆ ನೆಲದ ಮೇಲೆ ಹರಡಿಟ್ಟರೆ ಎಡಕ್ಕೊಂದು ಹೊರೆ, ಬಲಕ್ಕೆ ಐದು ಬಿಡಿ. ಹತ್ತರ ಕಟ್ಟು ಒಂದೂ ಇಲ್ಲದ ನಡುಮನೆಗೆ ಒಂದು ಸೊನ್ನೆ ಸಾಕೆಂಬುದನ್ನು, ಎರಡು ಸೊನ್ನೆಗೆ ಅಲ್ಲಿ ಎಡೆಯಿಲ್ಲವೆಂಬುದನ್ನು ಮಗುವು ತಾನೇ ಕಂಡುಕೊಳ್ಳುವುದು.